ರಿಡ್ಲರ್‌ನ ಖಾಲಿ ಕುರ್ಚಿ: ‘ಬ್ಯಾಟ್‌ಮನ್’ ಧಾರಾವಾಹಿಯ ಅತಿಥಿ ಖಳರ ಒಂದು ಪ್ರಕರಣ

1966ರ ಡಿಸೆಂಬರ್ 21ರ ಬುಧವಾರ ಮತ್ತು 22ರ ಗುರುವಾರ, ಅಮೆರಿಕದ ಎಬಿಸಿ ವಾಹಿನಿಯ ‘ಬ್ಯಾಟ್‌ಮನ್’ ಧಾರಾವಾಹಿಯಲ್ಲಿ ಪಝ್ಲರ್ ಎಂಬ ಹೊಸ ಖಳನೊಬ್ಬ ಕಾಣಿಸಿಕೊಂಡ. ಅವನು ಅಪರಾಧಕ್ಕೆ ಮುಂಚೆ ಒಗಟಿನ ರೂಪದ ಸುಳಿವುಗಳನ್ನು ಬಿಟ್ಟುಹೋಗುತ್ತಿದ್ದ, ತನ್ನ ಬುದ್ಧಿವಂತಿಕೆಗೆ ತಾನೇ ಮರುಳಾಗಿದ್ದ, ಬ್ಯಾಟ್‌ಮನ್ ಆ ಸುಳಿವುಗಳನ್ನು ಬಿಡಿಸಲಿ ಎಂದೇ ಒಳಗೊಳಗೆ ಆಸೆಪಡುತ್ತಿದ್ದ. ಹಿಂದಿನ ವಸಂತದವರೆಗೆ ಧಾರಾವಾಹಿಯನ್ನು ಬಿಡದೆ ನೋಡಿದ್ದ ಯಾವ ಮಗುವಿಗಾದರೂ ಇದು ಯಾರ ಚಾಳಿ ಎಂದು ಹೇಳಲು ಅರೆಗಳಿಗೆಯೂ ಬೇಕಿರಲಿಲ್ಲ. ಆ ಕಥೆಯನ್ನು ಮೊದಲು ಬರೆದದ್ದು ಒಗಟು ಹಾಕುವ ಹಳೆಯ ಖಳ ರಿಡ್ಲರ್‌ಗಾಗಿಯೇ. ರಿಡ್ಲರ್ ಪಾತ್ರಧಾರಿ ಫ್ರಾಂಕ್ ಗೊರ್ಶಿನ್ ಸಂಭಾವನೆಯ ವಿಷಯದಲ್ಲಿ ಒಮ್ಮತಕ್ಕೆ ಬಾರದೆ ದೂರ ಉಳಿದಿದ್ದರಿಂದ, ಕೈಯಲ್ಲಿದ್ದ ಕಥೆಗೆ ಬೇರೆ ಹೆಸರಿನ ಖಳನನ್ನು ಹೊಂದಿಸಿ, ಅದನ್ನು ಮತ್ತೊಬ್ಬ ನಟನಿಗೆ ಒಪ್ಪಿಸಲಾಗಿತ್ತು.

ಈ ಬರಹ ಆ ಒಂದು ಸನ್ನಿವೇಶದ ಅಧ್ಯಯನ. ಪ್ರಸಿದ್ಧ ನಟರನ್ನು ಅತಿಥಿ ಖಳರನ್ನಾಗಿ ಕರೆಸಿಕೊಳ್ಳುವುದನ್ನೇ ತನ್ನ ಬಂಡವಾಳ ಮಾಡಿಕೊಂಡಿದ್ದ ಧಾರಾವಾಹಿಯೊಂದು, ತನ್ನ ಅತ್ಯುತ್ತಮ ಅತಿಥಿ ಬಾರದೆ ಹೋದಾಗ ಏನು ಮಾಡಿತು, ಅದರಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದಷ್ಟೇ ಇಲ್ಲಿನ ವಿಚಾರ.

ಕುರ್ಚಿ ಹುಟ್ಟಿದ ಬಗೆ

ಧಾರಾವಾಹಿ ಆರಂಭವಾದದ್ದು 1966ರ ಜನವರಿ 12ರಂದು. ಮುಗಿದದ್ದು 1968ರ ಮಾರ್ಚ್ 14ರಂದು. ಒಟ್ಟು 120 ಕಂತುಗಳು. ಕಾರ್ಯಕಾರಿ ನಿರ್ಮಾಪಕ ವಿಲಿಯಂ ಡೋಝಿಯರ್ ಮತ್ತು ಮೊದಲ ಚಿತ್ರಕಥೆ ಬರೆದ ಲೊರೆಂಝೊ ಸೆಂಪಲ್ ಜೂನಿಯರ್ ಸೇರಿ ರೂಪಿಸಿದ ಶೈಲಿಯ ಗುಟ್ಟು ಇಷ್ಟೇ: ಪರದೆಯ ಮೇಲಿರುವ ಯಾರಿಗೂ ತಾವು ಮಾಡುತ್ತಿರುವುದು ಹಾಸ್ಯಾಸ್ಪದ ಎಂಬ ಅರಿವು ಇರಕೂಡದು. ಮಕ್ಕಳು ಅದನ್ನು ಸಾಹಸವೆಂದು ನೋಡಬೇಕು, ದೊಡ್ಡವರು ಅದನ್ನೇ ನೋಡಿ ನಗಬೇಕು. ಅದೇ ವರ್ಷದ ಬೇಸಿಗೆಯಲ್ಲಿ ಬಿಡುಗಡೆಯಾದ ಚಲನಚಿತ್ರ ರೂಪದಲ್ಲಿ ಇದರ ಒಳ್ಳೆಯ ಮಾದರಿಯೊಂದಿದೆ. ರಿಡ್ಲರ್ ಆಕಾಶದಲ್ಲಿ ಬರೆದ ಒಗಟನ್ನು ಎಲ್ಲರೂ ಓದುತ್ತಾರೆ: ಆರು ಔನ್ಸ್ ತೂಕವಿದೆ, ಮರದ ಮೇಲೆ ಕೂರುತ್ತದೆ, ಬಹಳ ಅಪಾಯಕಾರಿ, ಏನದು? ಮೆಷಿನ್ ಗನ್ ಹಿಡಿದ ಗುಬ್ಬಚ್ಚಿ ಎಂದು ರಾಬಿನ್ ಥಟ್ಟನೆ ಉತ್ತರಿಸುತ್ತಾನೆ. ಹೌದು, ಅದೇ ಸರಿ ಎಂದು ಪೊಲೀಸ್ ಕಮಿಷನರ್ ಗಂಭೀರವಾಗಿ ಒಪ್ಪಿಕೊಳ್ಳುತ್ತಾರೆ. ಅಲ್ಲಿ ಯಾರ ತುಟಿಯೂ ಅಲುಗುವುದಿಲ್ಲ.

ಈ ನಿಯಮದ ಭಾರವನ್ನೆಲ್ಲ ಹೊತ್ತವರು ನಾಯಕ ನಟರಾದ ಆಡಮ್ ವೆಸ್ಟ್ ಮತ್ತು ಬರ್ಟ್ ವಾರ್ಡ್. ಅವರು ಒಂದೇ ಸ್ಥಾಯಿಯಲ್ಲಿ, ಶಾಲೆಯ ನೀತಿಪಾಠದ ಧಾಟಿಯಲ್ಲಿ ಮಾತಾಡಬೇಕಿತ್ತು. ಆ ಕೆಲಸವನ್ನು, ವಿಶೇಷವಾಗಿ ವೆಸ್ಟ್, ಸಿಕ್ಕಿರುವ ಮನ್ನಣೆಗಿಂತ ಎಷ್ಟೋ ಚೆನ್ನಾಗಿ ನಿಭಾಯಿಸಿದರು. ಆದರೆ ನಾಯಕರು ಕಲ್ಲಿನಂತೆ ನಿಂತಿದ್ದರೆ ಅಲೆ ಎಲ್ಲಿಂದಲಾದರೂ ಬಂದು ಬಡಿಯಬೇಕಷ್ಟೆ. ಅಬ್ಬರಿಸುವ, ಕೊಂಕುವ, ಕುಣಿಯುವ ಸ್ವಾತಂತ್ರ್ಯವಿದ್ದದ್ದು ಖಳನಿಗೆ ಮಾತ್ರ. ಅವನ ಅಡಗುದಾಣದ ದೃಶ್ಯಗಳಲ್ಲಿ ಕ್ಯಾಮರಾವನ್ನೇ ಓರೆಯಾಗಿ ಹಿಡಿಯುತ್ತಿದ್ದರು. ಬುಧವಾರ ನಾಯಕರನ್ನು ಸಾವಿನ ಬಾಯಿಗೆ ಒಡ್ಡಿ ಕಥೆ ನಿಲ್ಲಿಸಿ, ಗುರುವಾರ ಅದೇ ಹೊತ್ತಿಗೆ ಮತ್ತೆ ಬನ್ನಿ ಎಂದು ಡೋಝಿಯರ್ ತಮ್ಮದೇ ಧ್ವನಿಯಲ್ಲಿ ವೀಕ್ಷಕರನ್ನು ಕರೆಯುತ್ತಿದ್ದರು. ನಾಯಕರು ಸಾಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದ ಮೇಲೆ, ಗುರುವಾರ ವೀಕ್ಷಕರನ್ನು ಮರಳಿ ಕರೆತರುತ್ತಿದ್ದದ್ದು ಬಹುಪಾಲು ಖಳನ ಮೇಲಿನ ಆಸೆಯೇ.

ಹಾಗಾಗಿ ‘ಸ್ಪೆಷಲ್ ಗೆಸ್ಟ್ ವಿಲನ್’ ಎಂಬ ಶೀರ್ಷಿಕೆಯೇ ಒಂದು ಮರ್ಯಾದೆಯ ಸ್ಥಾನವಾಯಿತು. ಜೋಕರ್ ಆಗಿ ಸೀಸರ್ ರೊಮೆರೊ ಬಂದರು. ಮೀಸೆ ಬೋಳಿಸಲು ಒಪ್ಪದ ಕಾರಣ ಬಿಳಿ ಬಣ್ಣವನ್ನು ಮೀಸೆಯ ಮೇಲೆಯೇ ಬಳಿಯಬೇಕಾಯಿತು, ಹತ್ತಿರದ ದೃಶ್ಯಗಳಲ್ಲಿ ಅದು ಈಗಲೂ ಕಾಣುತ್ತದೆ. ಪೆಂಗ್ವಿನ್ ಆಗಿ ಬರ್ಜೆಸ್ ಮೆರೆಡಿತ್ ಬಂದರು; ಪಾತ್ರದ ಸಿಗರೇಟಿನ ಹೊಗೆ ಗಂಟಲಿಗೆ ಒಗ್ಗದೆ ಬರುತ್ತಿದ್ದ ಕೆಮ್ಮನ್ನು ಮರೆಮಾಚಲು ಅವರು ಪೆಂಗ್ವಿನ್‌ನ ಆ ‘ಕ್ವಾಕ್ ಕ್ವಾಕ್’ ಸದ್ದನ್ನು ಕಂಡುಕೊಂಡರು. ಎಗ್‌ಹೆಡ್ ಆಗಿ ವಿನ್ಸೆಂಟ್ ಪ್ರೈಸ್, ಏಟು ಬಿದ್ದಾಗಲೆಲ್ಲ ತಾನು ಈಜಿಪ್ಟಿನ ದೊರೆಯೆಂದು ಭ್ರಮಿಸುವ ಪ್ರಾಧ್ಯಾಪಕನಾಗಿ ವಿಕ್ಟರ್ ಬುವೊನೊ, ಅವಳಿ ಸಹೋದರರಾಗಿ ಪಿಯಾನೊ ವಾದಕ ಲಿಬರಾಚಿ, ಮಾ ಪಾರ್ಕರ್ ಆಗಿ ಶೆಲ್ಲಿ ವಿಂಟರ್ಸ್, ಬ್ಲ್ಯಾಕ್ ವಿಡೊ ಆಗಿ ಟಲೂಲಾ ಬ್ಯಾಂಕ್‌ಹೆಡ್ ಬಂದರು. ಬ್ಯಾಂಕ್‌ಹೆಡ್ ಕ್ಯಾಮರಾ ಮುಂದೆ ವಹಿಸಿದ ಕೊನೆಯ ಪಾತ್ರ ಅದೇ. ಖಳನ ಪಾತ್ರ ಸಿಗದವರೂ ಇದ್ದರು. ಬ್ಯಾಟ್‌ಮನ್ ಮತ್ತು ರಾಬಿನ್ ಹಗ್ಗ ಹಿಡಿದು ಕಟ್ಟಡದ ಗೋಡೆ ಹತ್ತುವಾಗ ಕಿಟಕಿ ತೆರೆದು ಇಣುಕಿ ಎರಡು ಮಾತಾಡುವ ಅವಕಾಶವನ್ನು ಜೆರ್ರಿ ಲೂಯಿಸ್, ಸ್ಯಾಮಿ ಡೇವಿಸ್ ಜೂನಿಯರ್, ಎಡ್ವರ್ಡ್ ಜಿ. ರಾಬಿನ್ಸನ್ ಅಂಥವರು ಬಳಸಿಕೊಂಡರು. ಅತಿಥಿಯ ಹೆಸರು ಎಷ್ಟು ಮುಖ್ಯವಾಗಿತ್ತೆಂದರೆ, ಫಾಲ್ಸ್ ಫೇಸ್ ಎಂಬ ವೇಷಧಾರಿ ಖಳನ ಕಥೆಯಲ್ಲಿ ನಟ ಮಲಾಕಿ ಥ್ರೋನ್ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇ ಒಂದು ತಮಾಷೆಯಾಗಿ ನಡೆಯಿತು.

ಇಲ್ಲೊಂದು ಬಿರುಕು ಆರಂಭದಿಂದಲೇ ಇತ್ತು. ಬ್ಯಾಟ್‌ಮನ್ ಮತ್ತು ರಾಬಿನ್ ಧಾರಾವಾಹಿಯ ಖಾಯಂ ನಟರು. ಖಳರಾದರೋ, ಹೆಸರೇ ಹೇಳುವಂತೆ, ಅತಿಥಿಗಳು; ಕಥೆಯಿಂದ ಕಥೆಗೆ ಕರೆದಾಗ ಬರುವವರು. ವೀಕ್ಷಕರು ಯಾರನ್ನು ನೋಡಲು ಬರುತ್ತಿದ್ದರೋ ಅವರ ಮೇಲೆ ನಿರ್ಮಾಣ ಸಂಸ್ಥೆಯ ಹಿಡಿತ ಅತ್ಯಂತ ಸಡಿಲವಾಗಿತ್ತು.

ಗೊರ್ಶಿನ್ ಮಾಡಿದ್ದೇನು

ರಿಡ್ಲರ್ ಹೆಸರಾಂತ ಖಳನೇನೂ ಆಗಿರಲಿಲ್ಲ. ಬಿಲ್ ಫಿಂಗರ್ ಮತ್ತು ಡಿಕ್ ಸ್ಪ್ರಾಂಗ್ ಅವನನ್ನು 1948ರಲ್ಲಿ ಕಾಮಿಕ್ಸ್ ಪತ್ರಿಕೆಯಲ್ಲಿ ಸೃಷ್ಟಿಸಿದರು. ಆ ವರ್ಷ ಎರಡು ಬಾರಿ ಕಾಣಿಸಿಕೊಂಡ ಮೇಲೆ ಅವನು ಹದಿನೇಳು ವರ್ಷ ಹೆಚ್ಚುಕಡಿಮೆ ಅಜ್ಞಾತವಾಸದಲ್ಲಿದ್ದ. 1965ರಲ್ಲಿ ಪತ್ರಿಕೆ ಅವನನ್ನು ಮರಳಿ ತಂದಿತು, ಆ ಕಥೆಯನ್ನೇ ಸೆಂಪಲ್ ತಮ್ಮ ಮೊದಲ ಕಂತುಗಳಿಗೆ ಆಧಾರವಾಗಿ ಆರಿಸಿಕೊಂಡರು. ಬ್ಯಾಟ್‌ಮನ್ ತನ್ನನ್ನು ಸುಳ್ಳೇ ಬಂಧಿಸಿದನೆಂದು ರಿಡ್ಲರ್ ಹತ್ತು ಲಕ್ಷ ಡಾಲರ್‌ಗಳ ದಾವೆ ಹೂಡುತ್ತಾನೆ. ನ್ಯಾಯಾಲಯಕ್ಕೆ ಬಂದರೆ ಬ್ಯಾಟ್‌ಮನ್ ಮುಖವಾಡ ಕಳಚಲೇಬೇಕಾಗುತ್ತದೆ. ಇಡೀ ಧಾರಾವಾಹಿಯಲ್ಲಿ ಇಷ್ಟು ಜಾಣತನದ ಸಂಚನ್ನು ಬೇರೆ ಯಾವ ಖಳನೂ ಹೂಡಲಿಲ್ಲವೆಂದೇ ನನ್ನ ಅಭಿಪ್ರಾಯ.

ಗೊರ್ಶಿನ್ ಮೂಲತಃ ಮಿಮಿಕ್ರಿ ಕಲಾವಿದರು. ಪಿಟ್ಸ್‌ಬರ್ಗ್‌ನಲ್ಲಿ 1933ರಲ್ಲಿ ಹುಟ್ಟಿದ ಅವರು ಕರ್ಕ್ ಡಗ್ಲಾಸ್, ಬರ್ಟ್ ಲ್ಯಾಂಕಾಸ್ಟರ್ ಮುಂತಾದ ತಾರೆಯರ ಅನುಕರಣೆಗೆ ಹೆಸರಾಗಿದ್ದರು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಮೊದಲ ಬಾರಿಗೆ ಎಡ್ ಸಲ್ಲಿವನ್ ಕಾರ್ಯಕ್ರಮದಲ್ಲಿ ಹಾಡಿದ ರಾತ್ರಿ ಅದೇ ವೇದಿಕೆಯ ಮೇಲೆ ಅವರೂ ಇದ್ದರು. ಅನುಕರಣೆಯ ಕಲಾವಿದನಿಗೆ ತನ್ನ ಮುಖದ ಪ್ರತಿಯೊಂದು ಸ್ನಾಯುವೂ ಬೇರೆ ಬೇರೆಯಾಗಿ ಗೊತ್ತಿರುತ್ತದೆ. ರಿಡ್ಲರ್‌ನ ನಗೆಯನ್ನು ಗಮನಿಸಿ ನೋಡಿದರೆ ಇದು ತಿಳಿಯುತ್ತದೆ. ಅದು ಗಂಟಲಲ್ಲಿ ಕಿಸಕ್ಕನೆ ಶುರುವಾಗಿ, ಏರುತ್ತ ಏರುತ್ತ ಕೀರಲಾಗಿ, ಮೊಣಕಾಲು ಬಾಗಿ ಇಡೀ ದೇಹ ನುಲಿಯುವ ಹಂತಕ್ಕೆ ಬಂದು, ಅಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಮರುಕ್ಷಣ ಮುಖದಲ್ಲಿ ನಗೆಯ ಸುಳಿವೂ ಇರುವುದಿಲ್ಲ, ದನಿ ಪಿಸುಮಾತಿಗೆ ಇಳಿದಿರುತ್ತದೆ, ಕಣ್ಣು ಎದುರಿಗಿರುವವನ ಮೇಲೆ ನೆಟ್ಟಿರುತ್ತದೆ. ಆ ನಿಲುಗಡೆಯಲ್ಲಿ ನಿಜವಾದ ಅಪಾಯ ಇತ್ತು. ಧಾರಾವಾಹಿಯ ಉಳಿದ ಖಳರು ದುಷ್ಟತನವನ್ನು ಅಭಿನಯಿಸುತ್ತಿದ್ದರು. ಇವನಿಗೆ ಮಾತ್ರ ಎಲ್ಲೋ ನಿಜಕ್ಕೂ ತಲೆ ಕೆಟ್ಟಿದೆ ಎನಿಸುತ್ತಿತ್ತು.

ವೇಷದ ಮೇಲೂ ಅವರ ಛಾಪು ಬಿತ್ತು. ಪ್ರಶ್ನಾರ್ಥಕ ಚಿಹ್ನೆಗಳಿದ್ದ ಹಸಿರು ಬಿಗಿಯುಡುಪು ಅವರಿಗೆ ಹಿಡಿಸದ್ದರಿಂದ, ಅದೇ ಚಿಹ್ನೆಗಳ ಸೂಟು ಮತ್ತು ಗುಂಡು ಹ್ಯಾಟು ಸಿದ್ಧವಾದವು. ಮುಂದಿನ ದಶಕಗಳ ಕಾಮಿಕ್ಸ್‌ಗಳಲ್ಲೂ ಕಾರ್ಟೂನುಗಳಲ್ಲೂ ರಿಡ್ಲರ್ ಹೆಚ್ಚಾಗಿ ತೊಟ್ಟದ್ದು ಆ ಸೂಟನ್ನೇ. 1966ರ ಏಪ್ರಿಲ್‌ನಲ್ಲಿ ಬಂದ ಅವರ ನಾಲ್ಕನೆಯ ಕಥೆ ಮೂಕಿ ಚಿತ್ರಗಳ ಸುತ್ತ ಹೆಣೆದದ್ದು. ಅದರಲ್ಲಿ ರಿಡ್ಲರ್ ಚಾಪ್ಲಿನ್ ವೇಷದಲ್ಲಿ ಬರುತ್ತಾನೆ. ಮೂಕಿ ಕಾಲದ ಮಹಾತಾರೆ ಫ್ರಾನ್ಸಿಸ್ ಎಕ್ಸ್. ಬುಶ್‌ಮನ್ ಮುದುಕ ಸಂಗ್ರಾಹಕನಾಗಿ ಕಾಣಿಸಿಕೊಳ್ಳುತ್ತಾರೆ. ಕಮಿಷನರ್ ಗಾರ್ಡನ್ ಪಾತ್ರದ ನೀಲ್ ಹ್ಯಾಮಿಲ್ಟನ್ ಕೂಡ ಮೂಕಿ ಕಾಲದ ನಾಯಕ ನಟರೇ. ಇಬ್ಬರೂ 1928ರ ಚಿತ್ರವೊಂದರಲ್ಲಿ ಜೊತೆಗೆ ನಟಿಸಿದ್ದವರು. ಬುಶ್‌ಮನ್ ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು.

ಧಾರಾವಾಹಿಯ ಮೊದಲ ಋತುವಿನಲ್ಲಿ (ಸೀಸನ್) ಇದ್ದದ್ದು 34 ಕಂತುಗಳು, ಅಂದರೆ 17 ಕಥೆಗಳು. ಅವುಗಳಲ್ಲಿ ಜೋಕರ್‌ಗೆ ಮೂರು, ಪೆಂಗ್ವಿನ್‌ಗೆ ಮೂರು, ರಿಡ್ಲರ್‌ಗೆ ನಾಲ್ಕು. ಅಮೆರಿಕದ ಟಿವಿ ಕ್ಷೇತ್ರದ ಎಮ್ಮಿ ಪ್ರಶಸ್ತಿಗೆ, ಆ ವರ್ಷ, ಹಾಸ್ಯ ವಿಭಾಗದ ಪೋಷಕ ನಟರ ಪಟ್ಟಿಯಲ್ಲಿ ಗೊರ್ಶಿನ್ ಹೆಸರು ಸೇರಿತು. ಪ್ರಶಸ್ತಿ ಡಾನ್ ನಾಟ್ಸ್ ಅವರ ಪಾಲಾಯಿತಾದರೂ, ಅತಿಥಿಯಾಗಿ ಬಂದ ಖಳನೊಬ್ಬ ಆ ಪಟ್ಟಿ ತಲುಪಿದ್ದು ಸಣ್ಣ ಮಾತಲ್ಲ. ಹೀಗೆ ತೂಕ ಬಂದ ನಟ ಹೆಚ್ಚಿನ ಸಂಭಾವನೆ ಕೇಳಿದ್ದರಲ್ಲಿ ಅಸಹಜವಾದದ್ದೇನೂ ಕಾಣುವುದಿಲ್ಲ. ಒಬ್ಬ ಅತಿಥಿಗೆ ದರ ಏರಿಸಿದರೆ ಉಳಿದವರೂ ಸಾಲುಗಟ್ಟಿ ನಿಲ್ಲುತ್ತಾರೆಂಬ ನಿರ್ಮಾಪಕರ ಸಹಜ ಅಂಜಿಕೆಯನ್ನೂ ಅರ್ಥ ಮಾಡಿಕೊಳ್ಳಬಹುದು. ಮಾತುಕತೆ ಮುರಿಯಿತು.

ಮೂರು ಉಪಾಯಗಳು

1966ರ ಸೆಪ್ಟೆಂಬರ್‌ನಿಂದ 1967ರ ಮಾರ್ಚ್‌ವರೆಗಿನ ಎರಡನೆಯ ಋತುವಿಗೆ 60 ಕಂತುಗಳು ಬೇಕಿದ್ದವು. ವಾರಕ್ಕೆ ಎರಡು ಕಂತು ತುಂಬಿಸಬೇಕಾದ ಕಾರ್ಖಾನೆಯಲ್ಲಿ ಬರೆದ ಕಥೆಯನ್ನು ಬಿಸಾಡುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೊದಲ ಉಪಾಯ: ಹೆಸರು ಬದಲಿಸಿ ಕಥೆ ಉಳಿಸಿಕೊಳ್ಳುವುದು.

ಪಝ್ಲರ್ ಆಗಿ ಬಂದ ಮಾರಿಸ್ ಎವನ್ಸ್ ಸಾಮಾನ್ಯರಲ್ಲ. ಶೇಕ್ಸ್‌ಪಿಯರ್ ನಾಟಕಗಳಿಂದ ಹೆಸರು ಮಾಡಿದ ಇಂಗ್ಲಿಷ್ ರಂಗನಟರು. ಮ್ಯಾಕ್‌ಬೆತ್ ಪಾತ್ರಕ್ಕಾಗಿ ಎಮ್ಮಿ ಪ್ರಶಸ್ತಿಯನ್ನೇ ಪಡೆದವರು. ಅಂದರೆ ನಾಮನಿರ್ದೇಶನದ ಮಟ್ಟಕ್ಕೆ ಬಂದು ನಿಂತ ನಟನ ಜಾಗಕ್ಕೆ ಅದೇ ಪ್ರಶಸ್ತಿ ಗೆದ್ದ ನಟರನ್ನು ತಂದರು! ಅವರಿಗೆ ಹೊಂದುವಂತೆ ಖಳನ ಬಾಯಲ್ಲಿ ಶೇಕ್ಸ್‌ಪಿಯರನ ಸಾಲುಗಳನ್ನು ತುಂಬಲಾಯಿತು, ಬಲೂನು ಮತ್ತು ವಿಮಾನಗಳ ಕಥಾವಸ್ತು ಸೇರಿಕೊಂಡಿತು. ಎವನ್ಸ್ ಅವರ ಉಚ್ಚಾರಣೆ ಕೇಳಲು ಸೊಗಸು. ತೊಂದರೆ ಇರುವುದು ಕಥೆಯ ಬೆನ್ನೆಲುಬಿನಲ್ಲಿ. ಸುಳಿವು ಬಿಟ್ಟುಹೋಗುವ ಚಟ ರಿಡ್ಲರ್‌ಗೆ ಒಂದು ಕಾಯಿಲೆ. ಒಗಟು ಹಾಕದೆ ಕದಿಯಲು ಅವನಿಂದಾಗದು, ಅದೇ ಅವನನ್ನು ಪ್ರತಿ ಬಾರಿಯೂ ಸೆರೆಮನೆಗೆ ಕಳಿಸುತ್ತದೆ. ಮಾತಿನಲ್ಲಿ ಹದ, ನಡೆಯಲ್ಲಿ ಗಾಂಭೀರ್ಯ ಇರುವ ಈ ಸಭ್ಯ ಮನುಷ್ಯನಿಗೆ ಅಂಥ ಚಟವೇಕೆ ಎಂಬುದಕ್ಕೆ ಕಥೆಯಲ್ಲಿ ಕಾರಣವಿಲ್ಲ. ಗೊರ್ಶಿನ್ ತಮ್ಮ ದೇಹದಿಂದಲೇ ತುಂಬುತ್ತಿದ್ದ ಕಾರಣವನ್ನು ಯಾರೂ ಹಾಳೆಯ ಮೇಲೆ ಬರೆದಿರಲಿಲ್ಲ. ಪಝ್ಲರ್ ಮತ್ತೆ ಬರಲಿಲ್ಲ.

ಎರಡನೆಯ ಉಪಾಯ 1967ರ ಫೆಬ್ರವರಿ 8 ಮತ್ತು 9ರಂದು ಕಂಡಿತು. ಈ ಬಾರಿ ಹೆಸರು ಉಳಿಸಿಕೊಂಡು ನಟನನ್ನು ಬದಲಿಸಿದರು. ಜಾನ್ ಆಸ್ಟಿನ್ ಅದೇ ಎಬಿಸಿ ವಾಹಿನಿಯ ‘ಆಡಮ್ಸ್ ಫ್ಯಾಮಿಲಿ’ಯಲ್ಲಿ ಗೋಮೆಝ್ ಆಗಿ ಮನೆಮಾತಾಗಿದ್ದವರು, ಆ ಧಾರಾವಾಹಿ 1966ರಲ್ಲಿ ನಿಂತಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಾರದು. ಕಥೆಯಲ್ಲಿ ಬ್ಯಾಟ್‌ಮನ್ ಮತ್ತು ರಾಬಿನ್ ದೈತ್ಯಾಕಾರದ ಕೇಕೊಂದರ ಮೇಲೆ ನಿಂತು, ಅದರೊಳಗಿನ ಉಸುಬಿನಲ್ಲಿ ಮೆಲ್ಲಗೆ ಮುಳುಗುವ ದೃಶ್ಯವಿದೆ. ಈ ಧಾರಾವಾಹಿಯ ಸಾವಿನ ಬಲೆಗಳಲ್ಲಿ ಅದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು. ಆದರೂ ಆ ಎರಡು ಕಂತುಗಳನ್ನು ಈಗ ನೋಡಿದರೆ ಏನೋ ಕಡಿಮೆಯೆನಿಸುತ್ತದೆ. ಆಸ್ಟಿನ್ ಅವರ ರಿಡ್ಲರ್ ಹತೋಟಿಯುಳ್ಳವನು, ದನಿ ತಗ್ಗಿನದು, ನಗೆ ಅಳತೆಯದು. ತಮ್ಮ ಗೋಮೆಝ್‌ನ ಕಣ್ಣಿನ ಹುಚ್ಚನ್ನಾಗಲಿ, ಕುಣಿತವನ್ನಾಗಲಿ ಅವರು ಇಲ್ಲಿಗೆ ತರಲಿಲ್ಲ. ಗೊರ್ಶಿನ್‌ರನ್ನು ಪೂರ್ತಿ ಅನುಕರಿಸಲೂ ಇಲ್ಲ. ಗೊರ್ಶಿನ್ ಬಿಟ್ಟುಹೋದ ಒಗಟು, ಬೆತ್ತ, ಹಸಿರು ಬಟ್ಟೆ ಎಲ್ಲವೂ ಅವರ ಮೈಮೇಲಿದ್ದವು. ಅವರು ಮಾತ್ರ ಅದರೊಳಗೆ ಅತಿಥಿಯ ಅತಿಥಿಯಂತೆ ಸಂಕೋಚದಿಂದ ನಿಂತಿದ್ದರು. ನಟನ ತಪ್ಪು ಇದರಲ್ಲಿ ಕಡಿಮೆ. ತನ್ನದೇ ಖಳನನ್ನು ಮಾಡು ಎಂದು ಅವರಿಗೆ ಯಾರೂ ಬಿಟ್ಟುಕೊಟ್ಟಂತೆ ಕಾಣುವುದಿಲ್ಲ.

ನಟನನ್ನು ಬದಲಿಸಿದ್ದೇ ತಪ್ಪು ಎಂದು ಇಲ್ಲಿಗೇ ನಿರ್ಣಯಿಸಿಬಿಡುವುದು ಸುಲಭ. ಅದನ್ನು ತಡೆಯುವ ಎರಡು ನಿದರ್ಶನಗಳು ಇದೇ ಧಾರಾವಾಹಿಯಲ್ಲಿವೆ.

ಮಿಸ್ಟರ್ ಫ್ರೀಝ್ ಪಾತ್ರವನ್ನು ಮೂರು ಕಥೆಗಳಲ್ಲಿ ಮೂವರು ನಿರ್ವಹಿಸಿದರು: 1966ರ ಫೆಬ್ರವರಿಯಲ್ಲಿ ಜಾರ್ಜ್ ಸ್ಯಾಂಡರ್ಸ್, ನವೆಂಬರ್‌ನಲ್ಲಿ ಒಟ್ಟೊ ಪ್ರೆಮಿಂಜರ್, 1967ರ ಮಾರ್ಚ್‌ನಲ್ಲಿ ಈಲೈ ವಾಲಕ್. ಕಾಮಿಕ್ಸ್ ಪತ್ರಿಕೆಯಲ್ಲಿ ಅವನು ಮಿಸ್ಟರ್ ಝೀರೊ ಎಂಬ ಮರೆತುಹೋದ ಖಳ. ಹೆಸರು ಬದಲಿಸಿದ್ದು ಧಾರಾವಾಹಿಯೇ. ಚಳಿಯಲ್ಲಷ್ಟೇ ಬದುಕಬಲ್ಲ ಮನುಷ್ಯನ ಉಪಕರಣಗಳು ಮತ್ತು ಬ್ಯಾಟ್‌ಮನ್ ಮೇಲಿನ ಹಗೆ ಮೂರಕ್ಕೂ ಸಾಮಾನ್ಯ. ಉಳಿದದ್ದು ಆಯಾ ನಟನ ಸ್ವತ್ತು. ಸ್ಯಾಂಡರ್ಸ್ ಅವರದು ಬೇಸರ ತುಂಬಿದ ನಾಗರಿಕ ಕ್ರೌರ್ಯ. ವೃತ್ತಿಯಿಂದ ನಿರ್ದೇಶಕರಾದ, ಚಿತ್ರೀಕರಣದ ವೇಳೆಯ ಸಿಡುಕಿಗೆ ಹೆಸರಾದ ಪ್ರೆಮಿಂಜರ್ ಅವರದು ಪರದೆ ತುಂಬುವ ದರ್ಪ. ವಾಲಕ್ ಅವರದು ಖುಷಿಯ ಹುಚ್ಚಾಟ. ಒಬ್ಬರು ಇನ್ನೊಬ್ಬರನ್ನು ಅನುಸರಿಸುವ ಗೋಜಿಗೇ ಹೋಗಲಿಲ್ಲ, ವೀಕ್ಷಕರೂ ದೂರಲಿಲ್ಲ. ಅಲ್ಲಿ ಪಾತ್ರವಿದ್ದದ್ದು ಉಡುಪು ಮತ್ತು ಕೊಠಡಿಯ ತಾಪಮಾನದಲ್ಲಿ. ಯಾವ ದೊಡ್ಡ ಹೆಸರು ಒಳಗೆ ಕುಳಿತರೂ ನಡೆಯುತ್ತಿತ್ತು.

ಬೆಕ್ಕಿನ ವೇಷದ ಖಳನಾಯಕಿ ಕ್ಯಾಟ್‌ವುಮನ್ ವಿಷಯ ಇನ್ನೂ ಹತ್ತಿರದ್ದು. ಜೂಲಿ ನ್ಯೂಮಾರ್ ಎರಡು ಋತುಗಳಲ್ಲಿ ಆ ಪಾತ್ರವನ್ನು ಗೊರ್ಶಿನ್‌ರಷ್ಟೇ ತಮ್ಮದಾಗಿಸಿಕೊಂಡಿದ್ದರು. ಚಲನಚಿತ್ರದಲ್ಲಿ ಅವರ ಬದಲು ಲೀ ಮೆರಿವೆದರ್ ಬಂದರು. ಮೂರನೆಯ ಋತುವಿಗೆ, ನ್ಯೂಮಾರ್ ಬೇರೊಂದು ಸಿನಿಮಾದ ಕೆಲಸದಲ್ಲಿದ್ದಾಗ, ಗಾಯಕಿ ಅರ್ಥಾ ಕಿಟ್ ಬಂದರು. ಕಿಟ್ ಮಾಡಿದ ಜಾಣತನವೆಂದರೆ ನ್ಯೂಮಾರ್ ಅವರ ಬಳುಕು, ಮೋಹ, ನಿಧಾನ ಯಾವುದನ್ನೂ ಮುಟ್ಟದಿದ್ದದ್ದು. ಬ್ಯಾಟ್‌ಮನ್ ಜೊತೆಗಿನ ಪ್ರೇಮದ ಎಳೆಯನ್ನು ಹೆಚ್ಚುಕಡಿಮೆ ಕೈಬಿಡಲಾಗಿತ್ತು; ಕಪ್ಪು ನಟಿ ಮತ್ತು ಬಿಳಿಯ ನಾಯಕನ ಒಲವನ್ನು ತೋರಿಸುವ ಧೈರ್ಯ ಅಂದಿನ ಅಮೆರಿಕದ ದೂರದರ್ಶನಕ್ಕೆ ಇರಲಿಲ್ಲ. ಉಳಿದ ಜಾಗದಲ್ಲಿ ಕಿಟ್ ತಮ್ಮ ಹಾಡುಗಾರಿಕೆಯ ಗುರುಗುಟ್ಟುವ ದನಿಯನ್ನು, ಮೊನಚಾದ ಕೋಪವನ್ನು ತುಂಬಿದರು. ಕ್ಯಾಟ್‌ವುಮನ್ ಬದಲಾದಳು, ಸೊರಗಲಿಲ್ಲ. ಎವನ್ಸ್ ಮತ್ತು ಆಸ್ಟಿನ್ ಅವರಿಗೆ ಸಿಕ್ಕದ್ದು ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ. ಕಿಟ್ ಮತ್ತು ವಾಲಕ್ ಅವರಿಗೆ ಸಿಕ್ಕದ್ದು ಬಟ್ಟೆ. ಅತಿಥಿ ಖಳನನ್ನು ಬದಲಿಸಬಹುದು, ಆದರೆ ಬಂದವರ ಸುತ್ತ ಕಥೆಯನ್ನು ಹೊಸದಾಗಿ ಕಟ್ಟಬೇಕು. ವಾರಕ್ಕೆ ಎರಡು ಕಂತುಗಳ ಗಡುವಿನಲ್ಲಿ ರಿಡ್ಲರ್‌ಗೆ ಆ ಪುರಸೊತ್ತು ದೊರೆಯಲಿಲ್ಲ.

ಮೂರನೆಯ ಉಪಾಯ, ಮೊದಲೇ ಮಾಡಬಹುದಾಗಿದ್ದದ್ದು: ಗೊರ್ಶಿನ್‌ರನ್ನೇ ಕರೆತರುವುದು. 1967ರ ಸೆಪ್ಟೆಂಬರ್ 21ರಂದು ಅವರು ಮರಳಿದರು. ಅಷ್ಟರಲ್ಲಿ ಮನೆಯೇ ಬದಲಾಗಿತ್ತು. ಧಾರಾವಾಹಿ ವಾರಕ್ಕೊಮ್ಮೆಯಾಗಿತ್ತು, ಬಹುಪಾಲು ಕಥೆಗಳು ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು. ಇವಾನ್ ಕ್ರೇಗ್ ಅವರ ಬ್ಯಾಟ್‌ಗರ್ಲ್ ಸೇರಿಕೊಂಡಿದ್ದಳು, ಅವಳಿಗೂ ಸಮಯ ಕೊಡಬೇಕಿತ್ತು. ಖರ್ಚು ಕಡಿತದ ಪರಿಣಾಮವಾಗಿ ಅನೇಕ ದೃಶ್ಯಗಳಲ್ಲಿ ಕಪ್ಪು ಹಿನ್ನೆಲೆಯ ಮುಂದೆ ನಾಲ್ಕು ರಟ್ಟಿನ ತುಂಡು ನಿಲ್ಲಿಸಿ ಅದನ್ನೇ ಕೋಣೆಯೆಂದು ಕರೆಯುತ್ತಿದ್ದರು. ರಿಡ್ಲರ್ ನಗರದ ಬಾಕ್ಸಿಂಗ್ ಪಂದ್ಯಗಳನ್ನು ಕೈವಶ ಮಾಡಿಕೊಳ್ಳಲು ಹೊರಡುತ್ತಾನೆ, ವೇಷ ಮರೆಸಿ ತಾನೇ ಅಖಾಡಕ್ಕೆ ಇಳಿಯುತ್ತಾನೆ. ಅದೇ ಕಂತಿನಲ್ಲಿ ಜೋನ್ ಕಾಲಿನ್ಸ್ ಅವರ ಸೈರನ್ ಕೂಡ ಬಂದುಹೋಗುತ್ತಾಳೆ, ಏಕೆಂದರೆ ಮುಂದಿನ ವಾರದ ಅತಿಥಿ ಅವಳು. ಗೊರ್ಶಿನ್ ಸೋತಿಲ್ಲ, ನಗೆ ಹಾಗೆಯೇ ಇದೆ, ನಿಲುಗಡೆಯೂ ಇದೆ. ನಿಲುಗಡೆಯ ನಂತರ ಆ ಮೌನ ಉಳಿಯಲು ಬೇಕಾದ ಸೆಕೆಂಡುಗಳು ಮಾತ್ರ ಇಲ್ಲ, ಆಗಲೇ ಮುಂದಿನ ದೃಶ್ಯ ಶುರುವಾಗಿರುತ್ತದೆ. ರಿಡ್ಲರ್ ಕೇಂದ್ರದಲ್ಲಿರುವ ಕಥೆ ಅದರ ನಂತರ ಮತ್ತೆ ಬರಲಿಲ್ಲ.

ಧಾರಾವಾಹಿ ಕುಸಿದದ್ದಕ್ಕೆ ಈ ಒಂದು ಜಗಳವನ್ನು ಹೊಣೆ ಮಾಡಲಾಗದು. ವಾರಕ್ಕೆ ಎರಡು ಬಾರಿ ಉಣಬಡಿಸಿದ ಯಾವ ಹೊಸತನವೂ ಬೇಗ ಹಳತಾಗುತ್ತದೆ. ಗೊರ್ಶಿನ್ ಇಡೀ ಎರಡನೆಯ ಋತುವಿನಲ್ಲಿ ಇದ್ದಿದ್ದರೂ ಪ್ರಾಯಶಃ ಅದು ತಪ್ಪುತ್ತಿರಲಿಲ್ಲ. ಆದರೆ ಬರ್ಜೆಸ್ ಮೆರೆಡಿತ್ ಅವರ ಬಗ್ಗೆ ಇರುವ ಪ್ರಸಿದ್ಧ ಮಾತೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಅವರಿಗೆ ಬಿಡುವು ಸಿಕ್ಕಾಗ ಕೂಡಲೇ ಚಿತ್ರೀಕರಿಸಲೆಂದು ಪೆಂಗ್ವಿನ್ ಕಥೆಯೊಂದನ್ನು ಸದಾ ಸಿದ್ಧವಾಗಿ ಇಟ್ಟಿರುತ್ತಿದ್ದರಂತೆ. ಅತಿಥಿ ಯಾವಾಗ ಬಂದಾನೆಂದು ಕಥೆ ಕಾಯುವ ಪದ್ಧತಿ ಅದು. ರಿಡ್ಲರ್ ವಿಷಯದಲ್ಲಿ ನಡೆದದ್ದು ಅದರ ತಿರುವುಮುರುವು: ಕಥೆ ಸಿದ್ಧವಾಗಿತ್ತು, ದಿನಾಂಕ ನಿಗದಿಯಾಗಿತ್ತು, ಅತಿಥಿಯ ಹೆಸರನ್ನು ಕೊನೆಗೆ ತುಂಬಲಾಯಿತು.